ಮಗ್ಗದ ಕೆಲಸವೂ ಸಂಖ್ಯೆಗಳ ಸಾಕ್ಷ್ಯವೂ

ಮುಧೋಳವು ರನ್ನಕವಿಯ ಊರೆಂಬುದನ್ನು ಕನ್ನಡಿಗರಿಗೆ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿಕೊಂಡ ಆ ಮಹನೀಯನು ತನ್ನ ಕೃತಿಯನ್ನು ರತ್ನಕ್ಕೆ ಹೋಲಿಸಿ, ಅದನ್ನು ಪರೀಕ್ಷಿಸಲು ಬರುವವನ ಎದೆಗಾರಿಕೆಯನ್ನೇ ಪ್ರಶ್ನಿಸಿದನು. ವಸ್ತುವನ್ನು ಮಾಡಿದವನು ಪರೀಕ್ಷಕನನ್ನು ಹೀಗೆ ಎದುರಿಸಿ ಕೇಳುವ ಅಧಿಕಾರವು ಮಹಾಕವಿಗೆ ಇದ್ದಿತು. ಅದೇ ಸೀಮೆಯ ನೇಕಾರನಿಗೆ ಆ ಅಧಿಕಾರವಿರಲಿಲ್ಲ. ಅವನು ವಾರಗಟ್ಟಲೆ ಕುಣಿಮಗ್ಗದಲ್ಲಿ ಕುಳಿತು ನೆಯ್ದುದನ್ನು ಪರೀಕ್ಷಕನು ಗಳಿಗೆಯೊಳಗೆ ಬಿಚ್ಚಿ ನೋಡಿ ತೀರ್ಪು ಹೇಳುವನು. ಆ ತೀರ್ಪಿನಂತೆ ಕೂಲಿಯು ಪೂರ್ತಿಯಾಗುವುದು ಅಥವಾ ಕಡಿತವಾಗುವುದು. ಇಂಥ ತೀರ್ಪು ಸರಿಯೋ ತಪ್ಪೋ ಎಂದು ತೂಗಿನೋಡುವುದಕ್ಕೆ ಒಂದು ಸಾಧನವು ಮನುಷ್ಯರ ಕೈಗೆ ಬಂದು ನೂರು ವರ್ಷಗಳಷ್ಟೇ ಆಗಿವೆ. ಅದಕ್ಕೆ ಸಂಖ್ಯಾಶಾಸ್ತ್ರದ ಹತೋಟಿ ಎಂದು ಹೆಸರು. ಅದರ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ಹೇಳಿ, ಅಳತೆಗಳು ಕೆಲವೇ ಇರುವ ಕಡೆಗಳಲ್ಲಿ ಅದರಿಂದ ಏನು ಪ್ರಯೋಜನವೆಂಬುದನ್ನು ವಿಚಾರ ಮಾಡುವುದು ಈ ಭಾಷಣದ ಉದ್ದೇಶ.

ಮೊದಲು ಸೀಮೆಯ ವಿಷಯ. ಜಮಖಂಡಿಯು ಪಟವರ್ಧನ ಮನೆತನದವರ ಸಂಸ್ಥಾನವಾಗಿತ್ತು. ಮುಧೋಳವು ಘೋರ್ಪಡೆ ಮನೆತನದವರದು. ಬೀಳಗಿಯು ಇಂಗ್ಲಿಷರ ಆಳಿಕೆಗೆ ಒಳಪಟ್ಟ ಬಿಜಾಪುರ ಜಿಲ್ಲೆಯಲ್ಲಿದ್ದಿತು. ಇಂದು ನಾವು ರಬಕವಿ-ಬನಹಟ್ಟಿ ಎಂದು ಒಂದೇ ಉಸಿರಿನಲ್ಲಿ ಹೇಳುವ ಅವಳಿ ಊರುಗಳಲ್ಲಿಯಾದರೋ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದುವು. ೧೯೪೮ರ ಮಾರ್ಚಿ ತಿಂಗಳಿನಲ್ಲಿ ಈ ಸಂಸ್ಥಾನಗಳು ಬೊಂಬಾಯಿ ಪ್ರಾಂತದಲ್ಲಿ ಲೀನವಾದುವು. ೧೯೫೬ರ ನವೆಂಬರು ೧ರಂದು ಇಡೀ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಬಾಗಲಕೋಟೆಯ ಜಿಲ್ಲೆಯಾಯಿತು. ಹೀಗೆ ಆಳುವವರು ಬದಲಾದರೂ ಹಾಸು ಹೊಕ್ಕುಗಳ ಕೆಲಸ ನಿಲ್ಲಲಿಲ್ಲ. ರಬಕವಿ-ಬನಹಟ್ಟಿಗಳಲ್ಲಿ ಸೀರೆಯ ನೇಯ್ಗೆ, ಮುಧೋಳ ಮಹಾಲಿಂಗಪುರಗಳ ಕಡೆ ಬೆಲ್ಲ, ಈಚೆಗೆ ಸಕ್ಕರೆಯ ಕಾರ್ಖಾನೆಗಳು: ಇವು ಕೃಷ್ಣಾ ಘಟಪ್ರಭೆಗಳ ನಡುವಣ ಆ ನಾಡಿನ ಜೀವನಾಧಾರಗಳು. ಕೈಮಗ್ಗದ ಸ್ಥಳವನ್ನು ಈಗ ಬಹುಮಟ್ಟಿಗೆ ವಿದ್ಯುತ್ತಿನ ಮಗ್ಗವು ಆಕ್ರಮಿಸಿದೆ. ಆದರೂ ವಸ್ತುವು ಚೆನ್ನಾಗಿದೆಯೇ ಇಲ್ಲವೇ, ಇಲ್ಲದಿದ್ದರೆ ತಪ್ಪು ಯಾರದು ಎಂಬ ಪ್ರಶ್ನೆ ಹಳೆಯದೇ ಆಗಿ ಉಳಿದಿದೆ.

ಈ ಪ್ರಶ್ನೆಯ ಹಳಮೆಯನ್ನು ತಿಳಿಯಬೇಕಾದರೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬೇಕು. ಆ ಗ್ರಂಥದ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳೆಂಬುದು ನಮಗೆ ಹೆಮ್ಮೆಯ ಸಂಗತಿ. ಅದರಲ್ಲಿ ನೂಲು ಬಟ್ಟೆಗಳ ಮೇಲ್ವಿಚಾರಣೆಗೆ ಸೂತ್ರಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳಿದೆ. ನೂಲು ನಯವೋ ಒರಟೋ ಮಧ್ಯಮವೋ ಎಂಬುದನ್ನು ತಿಳಿದು ಅವನು ಕೂಲಿಯನ್ನು ಗೊತ್ತುಮಾಡಬೇಕು. ಹೆಚ್ಚು ಕೆಲಸಕ್ಕೆ ಬಹುಮಾನವನ್ನು ಕೊಡಬೇಕು. ನೂಲು ಕಡಿಮೆಯಾದರೆ ವಸ್ತುವಿನ ಬೆಲೆಗನುಸಾರವಾಗಿ ಕೂಲಿಯಲ್ಲಿಯೂ ಕಡಿಮೆಮಾಡಬೇಕು. ಎಷ್ಟೋ ಶತಮಾನಗಳ ಹಿಂದಿನ ಈ ಏರ್ಪಾಡಿಗೂ ನಮ್ಮ ಅಜ್ಜಂದಿರ ಕಾಲದ ವ್ಯಾಪಾರಿಯ ಗದ್ದಿಗೆಗೂ ಹೆಚ್ಚಿನ ಅಂತರವಿಲ್ಲ. ಎರಡು ಕಡೆಯಲ್ಲಿಯೂ ಪದ್ಧತಿಯೊಂದೇ: ವಸ್ತುವು ಸಿದ್ಧವಾದ ಮೇಲೆ ನೋಡುವುದು, ಕೊರತೆಯು ಕಂಡರೆ ಮಾಡಿದವನನ್ನು ದಂಡಿಸುವುದು.

ಈ ಪದ್ಧತಿಯಲ್ಲಿ ಎರಡು ಲೋಪಗಳುಂಟು. ಒಂದನೆಯದು, ಕಡೆಯಲ್ಲಿ ಮಾಡಿದ ಪರೀಕ್ಷೆಯಿಂದ ಆಗಿಹೋದ ಕೆಲಸವು ತಿದ್ದಿಬರುವುದಿಲ್ಲ. ನೆಯ್ದು ಮುಗಿದ ಸೀರೆಯಲ್ಲಿ ಹೊಕ್ಕು ವಿರಳವಾಗಿದ್ದರೆ ಅದನ್ನು ಬಿಚ್ಚಿ ಮತ್ತೆ ನೇಯಲಾದೀತೆ? ಎರಡನೆಯದು, ಪೂರ್ಣ ಪರೀಕ್ಷೆ ಎಂಬುದು ಬಹು ಕಡೆಗಳಲ್ಲಿ ಅಸಾಧ್ಯವಾದ ಮಾತು. ನೂಲಿನ ಬಲವನ್ನು ತಿಳಿಯಬೇಕಾದರೆ ಅದನ್ನು ಜಗ್ಗಿ ಹರಿಯಬೇಕು. ಹರಿದ ನೂಲಿನಿಂದ ನೇಯಲಾಗದು. ಸೀರೆಯ ಉದ್ದಕ್ಕೂ ಒಂದೊಂದು ಅಂಗುಲದ ಎಳೆಗಳನ್ನೂ ಎಣಿಸಿದರೆ ನೇಯುವುದಕ್ಕಿಂತ ಎಣಿಸುವುದಕ್ಕೇ ಹೆಚ್ಚು ಕೂಲಿ ತಗುಲೀತು. ಆದುದರಿಂದ ಪರೀಕ್ಷಕನು ಅಲ್ಲೊಂದು ಇಲ್ಲೊಂದು ಕಡೆ ನೋಡಿ ಮಿಕ್ಕುದನ್ನು ಊಹಿಸುವನು. ಅಂದಮೇಲೆ ಸ್ವಲ್ಪವನ್ನು ನೋಡಿ ಬಹಳವನ್ನು ತಿಳಿಯುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆಯಾಯಿತು.

ನಮ್ಮ ಹಿರಿಯರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವನ್ನು ಹೇಳುವರು. ಅನ್ನವು ಬೆಂದಿದೆಯೇ ಎಂದು ತಿಳಿಯುವುದಕ್ಕೆ ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಈ ನ್ಯಾಯವು ಸತ್ಯವಾದುದೇ. ಆದರೆ ಅದರ ಒಳಗೆ ಒಂದು ನಿಬಂಧನೆ ಅಡಗಿದೆ. ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಉರಿ ಇದ್ದರೆ ಮಾತ್ರ ಒಂದು ಅಗುಳು ಉಳಿದುವುಗಳಿಗೆ ಸಾಕ್ಷಿಯಾಗಬಲ್ಲುದು. ಅರ್ಧ ಅಕ್ಕಿಯನ್ನು ಮೊದಲು ಹಾಕಿ ಉಳಿದರ್ಧವನ್ನು ತಡವಾಗಿ ಹಾಕಿದ್ದರೆ ಅಗುಳಿನ ಸಾಕ್ಷ್ಯವು ಸುಳ್ಳಾಗುವುದು. ಮಗ್ಗದ ಕೆಲಸವು ಇಂದು ಇದ್ದಂತೆ ನಾಳೆಯೂ ಇರುವುದೇ, ಒಂದೇ ಪಾತ್ರೆಯ ಅನ್ನದಂತೆ ಏಕರೀತಿಯಾಗಿ ನಡೆಯುತ್ತಿರುವುದೇ ಎಂಬುದನ್ನು ತಿಳಿಯದೆ ಒಂದು ಸೀರೆಯಿಂದ ಹತ್ತು ಸೀರೆಗಳಿಗೆ ತೀರ್ಪು ಹೇಳಕೂಡದು. ಈ ನಿಬಂಧನೆಯನ್ನು ಪರೀಕ್ಷಿಸುವ ಮಾರ್ಗವು ಇಪ್ಪತ್ತನೆಯ ಶತಮಾನದಲ್ಲಿ ದೊರೆಯಿತು.

ಆ ಮಾರ್ಗದ ಮೊದಲನೆಯ ಮೆಟ್ಟಿಲನ್ನು ಕಟ್ಟಿದವನು ವಿಲಿಯಂ ಸೀಲಿ ಗಾಸೆಟ್. ಅವನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಗಿನ್ನೆಸ್ ಎಂಬ ಮದ್ಯದ ಕಾರ್ಖಾನೆಯ ನೌಕರ. ಅಲ್ಲಿ ಜವೆಗೋದಿಯ ತಳಿಗಳನ್ನು ಹೋಲಿಸಬೇಕಾಗಿತ್ತು, ಪ್ರಯೋಗಗಳೋ ಬೆರಳೆಣಿಕೆಯಷ್ಟು. ಅದುವರೆಗಿನ ಸಂಖ್ಯಾಶಾಸ್ತ್ರವು ನೂರಾರು ಸಾವಿರಾರು ಅಳತೆಗಳಿದ್ದರೆ ಮಾತ್ರ ಬಾಯಿಬಿಡುತ್ತಿದ್ದಿತು. ನಾಲ್ಕಾರು ಅಳತೆಗಳಿಂದ ತೆಗೆದ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಗಾಸೆಟ್ಟನು ೧೯೦೮ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಬರೆದ ಲೇಖನದಲ್ಲಿ ತೋರಿಸಿಕೊಟ್ಟನು. ಬಡವನಲ್ಲಿಯೂ ನ್ಯಾಯ ಕೇಳುವ ಧರ್ಮಾಸನದಂತೆ, ಅಳತೆಗಳು ಅಲ್ಪವಾಗಿರುವ ಕಡೆಯಲ್ಲಿಯೂ ಗಣಿತವು ಮಾತನಾಡಬಲ್ಲುದೆಂದು ಇದರಿಂದ ಸಿದ್ಧವಾಯಿತು.

ಎರಡನೆಯ ಮೆಟ್ಟಿಲು ಅಮೆರಿಕೆಯದು. ಷಿಕಾಗೊ ನಗರದ ಹತ್ತಿರ ಹಾಥಾರ್ನ್ ಎಂಬ ಸ್ಥಳದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯವರ ದೊಡ್ಡ ಕಾರ್ಖಾನೆಯಿತ್ತು. ಅಲ್ಲಿ ಟೆಲಿಫೋನಿನ ಸಾಮಾನುಗಳನ್ನು ಮಾಡುತ್ತಿದ್ದರು. ಸಾಮಾನುಗಳು ಒಂದೇ ಬಗೆಯವಾಗಿ ಬರಲೆಂದು ಅಲ್ಲಿನ ಮೇಲ್ವಿಚಾರಕರು ಸ್ವಲ್ಪ ವ್ಯತ್ಯಾಸ ಕಂಡೊಡನೆಯೇ ಯಂತ್ರವನ್ನು ತಿರುಗಿಸಿ ಸರಿಮಾಡುತ್ತಿದ್ದರು. ಹಾಗೆ ಸರಿಮಾಡಿದಷ್ಟೂ ವ್ಯತ್ಯಾಸವು ಹೆಚ್ಚುತ್ತಿದ್ದಿತು. ಈ ಚೋದ್ಯವನ್ನು ಬಿಡಿಸಿದವನು ವಾಲ್ಟರ್ ಶೂಹಾರ್ಟ್. ೧೯೨೪ರ ಮೇ ೧೬ರಂದು ಅವನು ತನ್ನ ಮೇಲಧಿಕಾರಿಗೆ ಒಂದು ಪುಟದಷ್ಟು ಟಿಪ್ಪಣಿಯನ್ನು ಬರೆದು ಕಳುಹಿಸಿದನು. ಅದರಲ್ಲಿ ಒಂದು ಸಣ್ಣ ನಕ್ಷೆಯಿದ್ದಿತು. ಆ ನಕ್ಷೆಯೇ ಇಂದು ಲೋಕದ ಕಾರ್ಖಾನೆಗಳಲ್ಲೆಲ್ಲ ಬಳಕೆಯಲ್ಲಿರುವ ಹತೋಟಿಯ ನಕ್ಷೆಯ ಮೂಲಪುರುಷ. ೧೯೩೧ರಲ್ಲಿ ಅವನು ಈ ವಿಷಯವನ್ನು ದೊಡ್ಡ ಗ್ರಂಥವಾಗಿ ವಿಸ್ತರಿಸಿದನು.

ಶೂಹಾರ್ಟನ ಅಭಿಪ್ರಾಯವನ್ನು ಮಗ್ಗದ ಭಾಷೆಯಲ್ಲಿ ಹೀಗೆ ಹೇಳಬಹುದು. ಒಬ್ಬನೇ ನೇಕಾರನು, ಒಂದೇ ಮಗ್ಗದಲ್ಲಿ, ಒಂದೇ ನೂಲಿನಿಂದ ನೆಯ್ದರೂ ಒಂದು ಸೀರೆಯಂತೆ ಮತ್ತೊಂದಿರುವುದಿಲ್ಲ. ನೂಲಿನ ಚಿಕ್ಕಪುಟ್ಟ ಏರುಪೇರು, ಗಾಳಿಯ ತೇವ, ಗಂಜಿಯ ಹದ, ಕೈಯ ಬಿರುಸು ಇವೇ ಮೊದಲಾದ ನೂರೆಂಟು ಕಾರಣಗಳು ಸದಾ ಕೂಡಿಕೊಂಡು ಕೆಲಸ ಮಾಡುತ್ತಿರುತ್ತವೆ. ಇವುಗಳಲ್ಲಿ ಯಾವುದೊಂದನ್ನೂ ಬೆರಳು ಮಾಡಿ ತೋರಿಸಲಾಗದು. ಇವನ್ನು ಸಹಜ ಕಾರಣಗಳೆನ್ನೋಣ. ಕೆಲವು ವೇಳೆ ಹೊರಗಿನಿಂದ ಬೇರೊಂದು ಕಾರಣವು ಬಂದು ಸೇರುವುದು: ಹಣಿಗೆಯ ಹಲ್ಲು ಮುರಿದಿರುವುದು, ಬೇರೆ ನಂಬರಿನ ನೂಲು ಕಂಡಿಕೆಗಳಲ್ಲಿ ಬೆರೆತುಹೋಗಿರುವುದು, ಕಲಿಯುವ ಹುಡುಗನು ಮಗ್ಗದಲ್ಲಿ ಕುಳಿತಿರುವುದು. ಇವು ವಿಶೇಷ ಕಾರಣಗಳು. ಹುಡುಕಿದರೆ ಸಿಕ್ಕುವುವು, ಸಿಕ್ಕಿದರೆ ನಿವಾರಣೆಯಾಗುವುವು. ಸಹಜ ಕಾರಣದಿಂದ ಬಂದ ವ್ಯತ್ಯಾಸವನ್ನು ವಿಶೇಷವೆಂದು ಭ್ರಮಿಸಿ ನೇಕಾರನನ್ನು ದಂಡಿಸುವುದು ಒಂದು ತಪ್ಪು. ವಿಶೇಷ ಕಾರಣವು ಬಂದಿರುವಾಗ ಸಹಜವೆಂದು ಸುಮ್ಮನಿರುವುದು ಇನ್ನೊಂದು ತಪ್ಪು. ಎರಡು ತಪ್ಪುಗಳನ್ನೂ ಪೂರ್ತಿಯಾಗಿ ತಪ್ಪಿಸಲು ಯಾರಿಂದಲೂ ಆಗದು. ಎರಡರಿಂದಲೂ ಆಗುವ ನಷ್ಟವು ಮಿತವಾಗಿರುವಂತೆ ಮೇರೆಗಳನ್ನು ಹಾಕಿಕೊಳ್ಳುವುದು ಮಾತ್ರ ಸಾಧ್ಯ. ಸರಾಸರಿಯಿಂದ ಮೇಲಕ್ಕೂ ಕೆಳಕ್ಕೂ ಸಹಜ ವ್ಯತ್ಯಾಸದ ಪ್ರಮಾಣಕ್ಕೆ ಮೂರರಷ್ಟು ದೂರದಲ್ಲಿ ಶೂಹಾರ್ಟನು ಹಾಕಿದ ಗೆರೆಗಳೇ ಆ ಮೇರೆಗಳು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ವಿದ್ಯೆಯು ವೇಗವಾಗಿ ಹರಡಿತು. ಮದ್ದುಗುಂಡುಗಳನ್ನು ಪರೀಕ್ಷಿಸಬೇಕಾದರೆ ಸುಟ್ಟೇ ನೋಡಬೇಕು. ಸುಟ್ಟ ಗುಂಡು ಯುದ್ಧಕ್ಕೆ ಒದಗದು. ಆದುದರಿಂದ ಪರೀಕ್ಷೆಯನ್ನು ಕಡಿಮೆಮಾಡುವುದೇ ದೊಡ್ಡ ಲಾಭ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿದ್ದ ಅಬ್ರಹಾಂ ವಾಲ್ಡ್ ಎಂಬ ವಿದ್ವಾಂಸನು ೧೯೪೩ರಲ್ಲಿ ಕ್ರಮಾನುಸಾರವಾದ ಪರೀಕ್ಷೆಯೆಂಬ ಹೊಸ ಮಾರ್ಗವನ್ನು ತೆಗೆದನು. ಇಷ್ಟು ವಸ್ತುಗಳನ್ನು ನೋಡಿಯೇ ತೀರಬೇಕೆಂದು ಮೊದಲೇ ಗೊತ್ತುಮಾಡದೆ, ಒಂದೊಂದನ್ನೇ ತೆಗೆದು ನೋಡುತ್ತ, ಪ್ರತಿಯೊಂದರ ಅನಂತರವೂ ‘ಒಪ್ಪೋಣವೆ, ತಳ್ಳೋಣವೆ, ಇನ್ನೊಂದನ್ನು ನೋಡೋಣವೆ’ ಎಂದು ಲೆಕ್ಕದಿಂದ ನಿರ್ಧರಿಸುವುದು ಅದರ ಸಾರ. ಇದರಿಂದ ಪರೀಕ್ಷೆಯ ಶ್ರಮವು ಎಷ್ಟೋ ವೇಳೆ ಅರ್ಧದಷ್ಟಾದೀತು. ಈ ವಾಲ್ಡನು ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದು, ೧೯೫೦ರ ಡಿಸೆಂಬರು ೧೩ರಂದು ಮೈಸೂರಿಗೆ ದೂರವಲ್ಲದ ನೀಲಗಿರಿಯ ಬೆಟ್ಟಗಳಲ್ಲಿ ವಿಮಾನವು ಅಪ್ಪಳಿಸಿದ್ದರಿಂದ ಪತ್ನೀಸಮೇತನಾಗಿ ಮರಣಹೊಂದಿದನು. ಅವನ ವಿದ್ಯೆಯ ಕಡೆಯ ಪಾಠವು ನಮ್ಮ ನೆರೆಯಲ್ಲಿಯೇ ನಿಂತಿತೆಂಬುದನ್ನು ನೆನೆದರೆ ಮನಸ್ಸು ಭಾರವಾಗುವುದು.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆಯನ್ನು ಕೊಟ್ಟವರು ಪ್ರೊಫೆಸರ್ ಪ್ರಶಾಂತಚಂದ್ರ ಮಹಲನವೀಸರು. ಅವರು ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳದ ಸೆಣಬಿನ ಬೆಳೆಯನ್ನು ಆಯ್ದ ಕೆಲವು ಹೊಲಗಳ ಅಳತೆಯಿಂದಲೇ ಅಂದಾಜು ಮಾಡಿ, ಸ್ವಲ್ಪದಿಂದ ಬಹಳವನ್ನು ತಿಳಿಯುವ ಮಾರ್ಗವನ್ನು ತೋರಿಸಿದರು. ಅವರ ಆಹ್ವಾನದ ಮೇರೆಗೆ ಶೂಹಾರ್ಟನೇ ೧೯೪೭ರ ಕೊನೆಯಿಂದ ೧೯೪೮ರ ಆದಿಯವರೆಗೆ ಭಾರತದಲ್ಲಿದ್ದು ಕಾರ್ಖಾನೆಗಳವರಿಗೆ ತನ್ನ ವಿಧಾನವನ್ನು ಪರಿಚಯಮಾಡಿಕೊಟ್ಟನು. ಜಮಖಂಡಿ ಮುಧೋಳಗಳ ಸಂಸ್ಥಾನಗಳು ತಮ್ಮ ಕಡೆಯ ತಿಂಗಳುಗಳನ್ನು ಎಣಿಸುತ್ತಿದ್ದುದೂ ಅದೇ ಕಾಲದಲ್ಲಿಯೇ. ಅಹಮದಾಬಾದಿನಲ್ಲಿ ೧೯೪೭ರಲ್ಲಿ ಹುಟ್ಟಿದ ಜವಳಿ ಸಂಶೋಧನ ಸಂಸ್ಥೆಯು ವಿಕ್ರಮ ಸಾರಾಭಾಯಿಯವರ ನೇತೃತ್ವದಲ್ಲಿ ಹತ್ತಿಯ ಗಿರಣಿಗಳಿಗೆ ಈ ವಿದ್ಯೆಯನ್ನು ತಂದಿತು. ಕನ್ನಡನಾಡಿಗೂ ಇದರಲ್ಲಿ ಒಂದು ಪಾಲುಂಟು. ಸಂಖ್ಯಾಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸಿ. ಆರ್. ರಾಯರು ೧೯೨೦ರಲ್ಲಿ ಹುಟ್ಟಿದುದು ಹೂವಿನ ಹಡಗಲಿಯಲ್ಲಿ. ಕಲ್ಕತ್ತೆಯ ಸಂಸ್ಥೆಯಲ್ಲಿ ಬಹುಕಾಲ ಕೆಲಸಮಾಡಿ, ೨೦೨೩ರಲ್ಲಿ ನೂರಮೂರನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿ ಅವರು ತೀರಿಕೊಂಡರು.

ಗಿರಣಿಗೆ ಬಂದ ವಿದ್ಯೆಯು ಮನೆಯ ಮಗ್ಗಕ್ಕೆ ಬರುವುದು ಅಷ್ಟು ಸುಲಭವಲ್ಲ. ಗಿರಣಿಯಲ್ಲಿ ಗಂಟೆಗೊಮ್ಮೆ ಐದೈದು ಮಾದರಿಗಳನ್ನು ತೆಗೆದು ಸರಾಸರಿ ನೋಡಬಹುದು. ಬನಹಟ್ಟಿಯ ಒಂದು ಕೈಮಗ್ಗದಿಂದ ತಿಂಗಳಿಗೆ ಇಳಿಯುವುದು ಕೆಲವೇ ಸೀರೆಗಳು. ಒಂದೇ ಸೀರೆಯಲ್ಲಿ ಐದು ಕಡೆ ಎಣಿಸಿ ಐದು ಅಳತೆಗಳಾದುವೆಂದು ತೃಪ್ತಿಪಡುವುದೂ ಸರಿಯಾಗದು. ಅದರಿಂದ ತಿಳಿಯುವುದು ಒಂದು ಸೀರೆಯ ಒಳಗಿನ ವ್ಯತ್ಯಾಸವೇ ಹೊರತು ಸೀರೆಗೂ ಸೀರೆಗೂ ಇರುವ ವ್ಯತ್ಯಾಸವಲ್ಲ. ಹೀಗೆ ಅಳತೆಗಳು ಒಂದೊಂದಾಗಿ, ನಿಧಾನವಾಗಿ ಬರುವ ಕಡೆಗೆ ಯೋಗ್ಯವಾದ ಒಂದು ಸರಳ ಲೆಕ್ಕವುಂಟು. ಅದಕ್ಕೆ ಯಂತ್ರವೂ ಬೇಡ, ಉನ್ನತ ಗಣಿತವೂ ಬೇಡ.

ನಿದರ್ಶನಕ್ಕಾಗಿ ನಾವೇ ಕಲ್ಪಿಸಿಕೊಂಡ ಅಂಕಿಗಳನ್ನು ನೋಡೋಣ. ಒಂದು ಮಗ್ಗದಿಂದ ಕ್ರಮವಾಗಿ ಇಳಿದ ಹತ್ತು ಸೀರೆಗಳಲ್ಲಿ ಅಂಗುಲಕ್ಕೆ ಹೊಕ್ಕಿನ ಎಳೆಗಳು ಹೀಗಿದ್ದುವೆನ್ನೋಣ: ೬೨, ೬೦, ೬೩, ೬೧, ೬೨, ೫೯, ೬೧, ೬೩, ೬೦, ೬೧. ಇವುಗಳ ಸರಾಸರಿ ೬೧.೨. ಇನ್ನು ಒಂದು ಸೀರೆಗೂ ಅದರ ಮುಂದಿನದಕ್ಕೂ ಇರುವ ಅಂತರವನ್ನು ತೆಗೆಯಬೇಕು: ೨, ೩, ೨, ೧, ೩, ೨, ೨, ೩, ೧. ಈ ಒಂಬತ್ತು ಅಂತರಗಳ ಮೊತ್ತ ೧೯, ಸರಾಸರಿ ೨.೧೧. ಇದನ್ನು ೨.೬೬ರಿಂದ ಗುಣಿಸಿದರೆ ೫.೬ ಬರುವುದು. ಈ ೨.೬೬ ಎಂಬುದು ಶಾಸ್ತ್ರಜ್ಞರು ಲೆಕ್ಕಹಾಕಿ ಕೊಟ್ಟಿರುವ ಗುಣಕ. ನೆರೆಹೊರೆಯ ಅಂತರದಿಂದ ಸಹಜ ವ್ಯತ್ಯಾಸದ ಮೂರರಷ್ಟನ್ನು ಒಂದೇ ಸಲಕ್ಕೆ ತಿಳಿಸುವಂಥದು. ಸರಾಸರಿಗೆ ಇದನ್ನು ಕೂಡಿಸಿದರೆ ಮೇಲಣ ಮೇರೆ ೬೬.೮, ಕಳೆದರೆ ಕೆಳಗಣ ಮೇರೆ ೫೫.೬. ಮೂರು ಗೆರೆಗಳನ್ನು ಎಳೆದು, ಬಂದ ಸೀರೆಗಳನ್ನು ಬಂದ ಕ್ರಮದಲ್ಲಿಯೇ ಚುಕ್ಕೆಗಳಾಗಿ ಗುರುತಿಸಿದರೆ ನಕ್ಷೆಯು ಮುಗಿಯಿತು. ಮನೆಯ ಗೋಡೆಯೂ ಸುಣ್ಣದ ಕಡ್ಡಿಯೂ ಇದಕ್ಕೆ ಸಾಕು. ಹತ್ತೇ ಅಳತೆಗಳಿಂದ ಬಂದ ಈ ಮೇರೆಗಳು ತಾತ್ಕಾಲಿಕವೆಂಬುದನ್ನು ಮರೆಯದೆ, ಅಳತೆಗಳು ಇಪ್ಪತ್ತಕ್ಕೆ ಇಪ್ಪತ್ತೈದಕ್ಕೆ ಏರಿದಂತೆ ಲೆಕ್ಕವನ್ನು ಮತ್ತೆ ಮಾಡಬೇಕು. ಎರಡು ಮಗ್ಗಗಳ ಸೀರೆಗಳನ್ನು ಒಂದೇ ನಕ್ಷೆಯಲ್ಲಿ ಬೆರೆಸಕೂಡದು. ಬೆರೆಸಿದರೆ ಎರಡು ಪಾತ್ರೆಗಳ ಅನ್ನಕ್ಕೆ ಒಂದೇ ಅಗುಳನ್ನು ಸಾಕ್ಷಿಗೆ ಕರೆದಂತಾಗುವುದು.

ಈಗ ಈ ನಕ್ಷೆಯು ಏನನ್ನು ಹೇಳುತ್ತದೆಂಬುದನ್ನು ಕೇಳೋಣ. ಅಂಗುಲಕ್ಕೆ ೬೦ ಎಳೆಗಳಿಗೆ ಕಡಿಮೆಯಾಗಕೂಡದೆಂದು ಸೀರೆ ಕೊಳ್ಳುವವನು ನಿಯಮ ಮಾಡಿದ್ದಾನೆನ್ನೋಣ. ಆರನೆಯ ಸೀರೆಯಲ್ಲಿ ೫೯ ಬಂದಿತು, ಕೂಲಿಯಲ್ಲಿ ಕಡಿತವಾಯಿತು. ಏಳನೆಯದರಲ್ಲಿ ೬೧, ಎಂಟನೆಯದರಲ್ಲಿ ೬೩ ಬಂದುವು. ‘ನೋಡಿದಿರಾ, ದಂಡಿಸಿದ ಮೇಲೆ ಕೈ ಸರಿಹೋಯಿತು’ ಎಂದು ಯಜಮಾನನು ಹೇಳುವನು. ಮೂರನೆಯ ಸೀರೆಯಲ್ಲಿ ೬೩ ಬಂದಾಗ ಅವನು ಮೆಚ್ಚಿಕೊಂಡಿದ್ದನು. ನಾಲ್ಕನೆಯದರಲ್ಲಿ ೬೧ಕ್ಕೆ ಇಳಿಯಿತು. ‘ಹೊಗಳಿದರೆ ಕೆಡುತ್ತಾರೆ’ ಎಂಬ ಸಿದ್ಧಾಂತವೂ ಅವನ ಮನಸ್ಸಿನಲ್ಲಿ ನಿಂತಿತು. ಎರಡೂ ಭ್ರಾಂತಿ. ಬಹಳ ಕೆಳಗೆ ಬಿದ್ದುದರ ಮುಂದಿನದು ಸರಾಸರಿಯ ಕಡೆಗೆ ಏರುವುದು, ಬಹಳ ಮೇಲೆ ಹೋದುದರ ಮುಂದಿನದು ಇಳಿಯುವುದು, ಸಹಜ ವ್ಯತ್ಯಾಸದ ಸ್ವಭಾವ. ಹತ್ತು ಸೀರೆಗಳ ಉದ್ದಕ್ಕೂ ನೇಕಾರನು ಇದ್ದಂತೆಯೇ ಇದ್ದನು. ೫೯ ನೆಯ್ದ ದಿನ ಅವನು ಸೋಮಾರಿಯಾಗಿರಲಿಲ್ಲ. ೬೩ ನೆಯ್ದ ದಿನ ಹೆಚ್ಚು ಜಾಣನಾಗಿರಲಿಲ್ಲ.

ಇದಕ್ಕಿಂತಲೂ ಗುರುತರವಾದ ಮಾತು ಇನ್ನೊಂದುಂಟು. ಈ ಮಗ್ಗದ ಸಹಜ ಮೇರೆಗಳು ೫೫.೬ರಿಂದ ೬೬.೮ರವರೆಗೆ ಹರಡಿರುವಾಗ, ಏನೂ ಕೆಡದಿದ್ದರೂ ಸುಮಾರು ಐದಾರು ಸೀರೆಗಳಿಗೆ ಒಂದರಂತೆ ೬೦ಕ್ಕೆ ಕಡಿಮೆ ಬಂದೇ ಬರುವುದೆಂದು ಲೆಕ್ಕದಿಂದ ತಿಳಿಯುವುದು. ಆ ಒಂದು ಸೀರೆಗಾಗಿ ನೇಕಾರನನ್ನು ದಂಡಿಸಿದರೆ ಅವನ ಅದೃಷ್ಟವನ್ನು ದಂಡಿಸಿದಂತಾಯಿತೇ ಹೊರತು ಅವನ ತಪ್ಪನ್ನಲ್ಲ. ಕುಣಿಯಲಾರದವಳು ಅಂಗಳ ಡೊಂಕೆಂದಳೆಂದು ನಮ್ಮಲ್ಲಿ ಗಾದೆ ಇದೆ. ಅಂಗಳವು ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡಬೇಕೆಂದು ಗಾದೆಯು ಹೇಳುವುದಿಲ್ಲ, ನಕ್ಷೆಯು ಹೇಳುತ್ತದೆ. ಅಂಗಳವನ್ನು ಸರಿಮಾಡುವ ಕೆಲಸ ಕುಣಿಯುವವಳದಲ್ಲ. ಸಮನಾದ ನೂಲನ್ನು ಒದಗಿಸುವುದು, ಹಳೆಯ ಹಣಿಗೆಯನ್ನು ಬದಲಾಯಿಸುವುದು, ನೆಯ್ದ ಬಟ್ಟೆಯನ್ನು ಒಂದೇ ಪ್ರಮಾಣದಲ್ಲಿ ಸುತ್ತಿಕೊಳ್ಳುವ ಸಾಧನವನ್ನು ಮಗ್ಗಕ್ಕೆ ಜೋಡಿಸುವುದು, ಇವು ನೂಲನ್ನೂ ಬಂಡವಾಳವನ್ನೂ ಕೊಡುವವರ ಕೈಯಲ್ಲಿವೆ. ಅವುಗಳಿಂದ ಹರಹು ಕಿರಿದಾದರೆ ಅಥವಾ ಸರಾಸರಿಯು ಏರಿದರೆ ಮಾತ್ರ ೬೦ರ ನಿಯಮವು ನಡೆದೀತು. ಕೊಳ್ಳುವವನ ನಿಯಮವು ಬೇರೆ, ಮಗ್ಗದ ಶಕ್ತಿಯು ಬೇರೆ. ನಿಯಮವನ್ನು ಕಾಗದದ ಮೇಲೆ ಬರೆದ ಮಾತ್ರದಿಂದ ಮಗ್ಗದ ಶಕ್ತಿಯು ಹೆಚ್ಚುವುದಿಲ್ಲ.

ಹಾಗಾದರೆ ನೇಕಾರನ ಹೊಣೆಯೇ ಇಲ್ಲವೆ? ಇದೆ. ಹನ್ನೊಂದನೆಯ ಸೀರೆಯಲ್ಲಿ ೫೪ ಬಂದಿತೆನ್ನೋಣ. ಅದು ಮೇರೆಯನ್ನು ದಾಟಿತು. ಇಲ್ಲಿ ಏನೋ ಹೊಸದು ನಡೆದಿದೆ, ಕೂಡಲೆ ಹುಡುಕಬೇಕು. ಸೀರೆಯು ಮಗ್ಗದಿಂದ ಇಳಿದ ದಿನವೇ ಕೇಳಿದರೆ ಆ ವಾರ ಯಾವ ಕಂಡಿಕೆಗಳು ಬಂದುವು, ಯಾರು ಕುಳಿತಿದ್ದರು, ಏನು ಮುರಿದಿತ್ತು ಎಂಬುದು ನೆನಪಿನಲ್ಲಿರುವುದು. ತಿಂಗಳ ಮೇಲೆ ಸಂತೆಯಲ್ಲಿ ಕೇಳಿದರೆ ಇರುವುದಿಲ್ಲ. ಇನ್ನೊಂದು ಸೂಚನೆಯೂ ಉಂಟು. ಮೇರೆಯನ್ನು ದಾಟದಿದ್ದರೂ ಎಂಟು ಸೀರೆಗಳು ಒಂದೇ ಸಮನೆ ಸರಾಸರಿಯ ಒಂದೇ ಮಗ್ಗುಲಲ್ಲಿ ಬಿದ್ದರೆ ಅದು ಆಕಸ್ಮಿಕವೆನ್ನುವುದು ಕಷ್ಟ. ಮೆಲ್ಲಮೆಲ್ಲನೆ ಏನೋ ಸವೆಯುತ್ತಿದೆ ಅಥವಾ ಬದಲಾಗಿದೆ. ಅಂಕಿಗಳನ್ನು ಕಾಲಕ್ರಮದಲ್ಲಿ ಬರೆದಿಟ್ಟಾಗಲೇ ಇದು ಕಾಣುವುದು. ಹತ್ತು ಅಳತೆಗಳ ಸರಾಸರಿಯನ್ನು ಮಾತ್ರ ಇಟ್ಟುಕೊಂಡು ಕ್ರಮವನ್ನು ಎಸೆದುಬಿಟ್ಟರೆ, ಘಟನೆಗಳ ವರ್ಷಗಳನ್ನು ಅಳಿಸಿದ ಚರಿತ್ರೆಯಂತೆ ಅದು ಮೂಕವಾಗುವುದು. ಅಳತೆಗಳು ಅಲ್ಪವಾಗಿರುವವನಿಗೆ ಕ್ರಮವೇ ಆಸ್ತಿ.

ವಿದ್ಯುತ್ತಿನ ಮಗ್ಗಗಳಲ್ಲಿ ಎಣಿಕೆಯು ಇನ್ನೂ ಸುಲಭ. ಒಂದು ಪಾಳಿಯಲ್ಲಿ ಎಳೆಯು ಎಷ್ಟು ಸಲ ಹರಿಯಿತೆಂಬುದನ್ನು ಗುರುತು ಹಾಕುತ್ತ ಬಂದರೆ ಸಾಕು. ಸರಾಸರಿಯು ೯ ಆಗಿದ್ದರೆ ಅದರ ವರ್ಗಮೂಲ ೩. ಅದರ ಮೂರರಷ್ಟು ೯. ಹೀಗೆ ಸೊನ್ನೆಯಿಂದ ೧೮ರವರೆಗೆ ಸಹಜದ ಮೇರೆ. ನಿನ್ನೆ ೬, ಇಂದು ೧೨ ಎಂದು ಪಾಳಿಯವನನ್ನು ಗದರಿಸುವುದರಲ್ಲಿ ಅರ್ಥವಿಲ್ಲ. ೨೧ ಬಂದರೆ ನೂಲಿನ ಗಂಟನ್ನೂ ಮಗ್ಗವನ್ನೂ ಪರೀಕ್ಷಿಸಬೇಕು. ಮುಧೋಳದ ಕಡೆಯ ಬೆಲ್ಲದ ಗಾಣಗಳಿಗೂ ಇದೇ ನ್ಯಾಯ. ಒಂದು ಕಡಾಯಿಯ ಪಾಕಕ್ಕೆ ಒಂದೇ ಹದ, ಆದುದರಿಂದ ಒಂದೇ ಅಳತೆ. ಪಾಕ ನೋಡುವವನು ತೊಟ್ಟನ್ನು ತಣ್ಣೀರಿನಲ್ಲಿ ಬಿಟ್ಟು ಉಂಡೆಕಟ್ಟುವುದನ್ನು ಬೆರಳಿನಿಂದ ತಿಳಿಯುವನು. ಆ ಬೆರಳಿನ ವಿದ್ಯೆ ಅಮೂಲ್ಯವಾದುದು. ಅದರ ಜೊತೆಗೆ ಇಳಿಸಿದ ಹೊತ್ತಿನ ಶಾಖವನ್ನೂ ಆ ಕಡಾಯಿಯ ಪೆಂಟೆಗಳ ಗಟ್ಟಿತನವನ್ನೂ ದಿನದಿನವೂ ಕ್ರಮವಾಗಿ ಬರೆದಿಟ್ಟರೆ ಯಾವ ಹೊಲದ ಕಬ್ಬು ಬಂದಾಗ ಬೆಲ್ಲವು ಮೆತ್ತಗಾಯಿತೆಂಬುದು ತಾನಾಗಿಯೇ ಗೋಚರವಾಗುವುದು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಕೈಕೆಲಸದ ಸೊಗಸೆಲ್ಲ ಅದರ ಏರುಪೇರಿನಲ್ಲಿಯೇ ಇದೆ, ನೇಕಾರನನ್ನು ಲೆಕ್ಕಕ್ಕೆ ಕಟ್ಟಿಹಾಕಿದರೆ ಅವನನ್ನೂ ಯಂತ್ರವನ್ನಾಗಿ ಮಾಡಿದಂತಾಗುವುದಿಲ್ಲವೆ? ಈ ಶಂಕೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಏರುಪೇರನ್ನು ಸಹಜವೆಂದು ಒಪ್ಪಿಕೊಂಡ ಮೊದಲನೆಯ ಪರೀಕ್ಷಾಪದ್ಧತಿಯೇ ಇದು. ಹಳೆಯ ಪರೀಕ್ಷಕನಿಗೆ ನಿಯಮದಿಂದ ಎಳೆಯಷ್ಟು ತಪ್ಪಿದರೂ ಅಪರಾಧ. ಶೂಹಾರ್ಟನ ನಕ್ಷೆಗೆ ಮೇರೆಯೊಳಗಿನ ಏರಿಳಿತವು ಕೆಲಸದ ಉಸಿರಾಟ. ಸೆರಗಿನ ಬಣ್ಣವನ್ನೂ ದಡಿಯ ಚಿತ್ತಾರವನ್ನೂ ಅದು ಮುಟ್ಟಲು ಬರುವುದಿಲ್ಲ. ಬಾಳಿಕೆಗೆ ಬೇಕಾದ ಎಳೆ ಬಲಗಳನ್ನು ಮಾತ್ರ ಕೇಳುತ್ತದೆ. ಇನ್ನು ಕೆಲವರು, ಇದನ್ನೂ ಯಜಮಾನನು ದಂಡಿಸುವ ಹೊಸ ಕೋಲನ್ನಾಗಿ ಮಾಡಿಕೊಳ್ಳಲಾರನೆ ಎಂದು ಕೇಳಬಹುದು. ಮಾಡಿಕೊ‌ಳ್ಳಬಲ್ಲನು. ಅಂಕಿಗಳನ್ನು ತಪ್ಪಾಗಿ ಬರೆದರೆ ಹಸಿವು ನೀಗುವುದೆಂದಾದಲ್ಲಿ ಅಂಕಿಗಳು ತಪ್ಪಾಗಿಯೇ ಬರುವುವು. ಆದುದರಿಂದ ನಕ್ಷೆಯು ನೇಕಾರನ ಮನೆಯ ಗೋಡೆಯ ಮೇಲೆ, ಅವನ ಕೈಯಿಂದಲೇ ಬರೆದುದಾಗಿ ಇರತಕ್ಕದ್ದು. ಕೂಲಿ ಕಡಿಯುವ ಮಾತು ಬಂದಾಗ ಅವನು ಅದನ್ನು ತೋರಿಸಿ, ಹತ್ತು ಸೀರೆಗಳ ಸಾಕ್ಷ್ಯವನ್ನು ಒಂದು ಸೀರೆಯ ಆಪಾದನೆಗೆ ಎದುರಾಗಿ ನಿಲ್ಲಿಸಬಲ್ಲನು.

ಸೂತ್ರಾಧ್ಯಕ್ಷನ ಕಾಲದಿಂದ ಪರೀಕ್ಷೆಯೆಂಬುದು ಮೇಲಿನವನು ಕೆಳಗಿನವನನ್ನು ನೋಡುವ ನೋಟವಾಗಿದ್ದಿತು. ೧೯೨೪ರ ಆ ಒಂದು ಪುಟದ ಟಿಪ್ಪಣಿಯ ತರುವಾಯ ಇಬ್ಬರೂ ಕುಳಿತು ಕೆಲಸವನ್ನೇ ನೋಡುವ ನೋಟವು ಸಾಧ್ಯವಾಯಿತು. ಇದಕ್ಕೆ ಲಕ್ಷಾಂತರ ಅಳತೆಗಳು ಬೇಕಿಲ್ಲ. ಹತ್ತು ಸೀರೆಗಳು, ಅವು ಇಳಿದ ಕ್ರಮ, ಒಂದು ಕೂಡುವ ಕಳೆಯುವ ಲೆಕ್ಕ, ಮತ್ತು ದುಡುಕದೆ ತೀರ್ಪು ಹೇಳುವ ತಾಳ್ಮೆ ಇಷ್ಟಿದ್ದರೆ ಸಾಕು. ರಬಕವಿ-ಬನಹಟ್ಟಿಗಳ ಶಾಲೆಗಳಲ್ಲಿ ಮಕ್ಕಳು ಸರಾಸರಿಯ ಲೆಕ್ಕವನ್ನು ಹೇಗೂ ಕಲಿಯುತ್ತಾರೆ. ತಂದೆಯ ಮಗ್ಗದಿಂದ ಇಳಿದ ಸೀರೆಗಳ ಎಳೆಗಳನ್ನೇ ಎಣಿಸಿ ಆ ಲೆಕ್ಕವನ್ನು ಮಾಡಲಿ. ಅದರಿಂದ ಅವರ ಗಣಿತವೂ ಗಟ್ಟಿಯಾಗುವುದು, ತಂದೆಯ ಕೂಲಿಗೆ ಒಂದು ಸಾಕ್ಷಿಯೂ ದೊರೆಯುವುದು.